ಪ್ರಗತಿಪರ ಪ್ರೆಸ್ಬಿಟೇರಿಯನ್ ಸಭೆ: ಹೊಸಬರು ಕಾಣುವ ಆರಾಧನೆ ಮತ್ತು ಅದರ ಹಿನ್ನೆಲೆ

ಪ್ರಗತಿಪರ ಪ್ರೆಸ್ಬಿಟೇರಿಯನ್ ಸಭೆ ಎಂಬುದು ಚುನಾಯಿತ ಹಿರಿಯರ ಮಂಡಳಿಗಳ ಮೂಲಕ ಆಡಳಿತ ನಡೆಸುವ ಪ್ರಾಟೆಸ್ಟಂಟ್ ಆರಾಧಕರ ಸಮುದಾಯ. ಇದು ಸತ್ಯವೇದವನ್ನು ಅದು ಹುಟ್ಟಿದ ಕಾಲದೇಶಗಳ ಹಿನ್ನೆಲೆಯಲ್ಲಿ ಓದುತ್ತದೆ. ಮಹಿಳೆಯರಿಗೂ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೂ ಸದಸ್ಯತ್ವದಿಂದ ಸಭಾಪಾಲನೆಯವರೆಗೆ ಸಮಾನ ಸ್ಥಾನ ಕೊಡುತ್ತದೆ. ಅಮೆರಿಕದಲ್ಲಿ ಇಂಥ ಸಭೆಗಳು ಬಹುಮಟ್ಟಿಗೆ ‘ಪ್ರೆಸ್ಬಿಟೇರಿಯನ್ ಚರ್ಚ್ ಯು.ಎಸ್.ಎ.’ ಎಂಬ ಪಂಗಡಕ್ಕೆ ಸೇರಿವೆ. ಇದರ ಕೇಂದ್ರ ಕಚೇರಿ ಕೆಂಟುಕಿ ರಾಜ್ಯದ ಲೂಯಿವಿಲ್ ನಗರದಲ್ಲಿದೆ.

‘ಪ್ರಗತಿಪರ’ ಎಂಬುದು ಪಂಗಡದ ಸಂವಿಧಾನ ಗುರುತಿಸಿದ ವರ್ಗವಲ್ಲ. ಸಭೆಗಳು ತಮ್ಮನ್ನು ತಾವು ಹೀಗೆ ಕರೆದುಕೊಳ್ಳುತ್ತವೆ. ಒಂದೇ ಪಂಗಡದೊಳಗೆ, ಕೆಲವೊಮ್ಮೆ ಒಂದೇ ಊರಿನಲ್ಲಿ, ಸಂಪ್ರದಾಯನಿಷ್ಠ ಸಭೆಯೂ ಪ್ರಗತಿಪರ ಸಭೆಯೂ ಇರುತ್ತವೆ.

ಹೆಸರು ಮತ್ತು ಪರಿಭಾಷೆ

‘ಪ್ರೆಸ್ಬಿಟೇರಿಯನ್’ ಪದದ ಮೂಲ ‘ಹಿರಿಯ’ ಎಂಬ ಅರ್ಥದ ‘ಪ್ರೆಸ್ಬುಟೆರೊಸ್’ ಎಂಬ ಗ್ರೀಕ್ ಪದ. ಪಂಗಡಕ್ಕೆ ಹೆಸರು ಬಂದದ್ದು ಸ್ಥಾಪಕನಿಂದಲ್ಲ, ಸಿದ್ಧಾಂತದಿಂದಲೂ ಅಲ್ಲ, ಆಡಳಿತ ಕ್ರಮದಿಂದ. ಬಿಷಪ್ಪರ ಅಧಿಕಾರದ ಜಾಗದಲ್ಲಿ ಇಲ್ಲಿ ಹಿರಿಯರ ಮಂಡಳಿಗಳಿವೆ.

ಈ ಲೇಖನದಲ್ಲಿ ‘ಸಭೆ’ ಎಂದರೆ ಒಂದು ಊರಿನ ಆರಾಧಕರ ಸಮುದಾಯ. ‘ಪಂಗಡ’ ಎಂದರೆ ಅಂಥ ಸಭೆಗಳ ರಾಷ್ಟ್ರಮಟ್ಟದ ಒಕ್ಕೂಟ. ‘ಸಭಾಪಾಲಕರು’ ದೇವಶಾಸ್ತ್ರ ಕಲಿತು ದೀಕ್ಷೆ ಪಡೆದವರು. ‘ಹಿರಿಯರು’ ಸಭೆಯ ಸದಸ್ಯರೇ ತಮ್ಮೊಳಗಿಂದ ಆರಿಸಿದವರು. ಇಲ್ಲಿ ಹಿರಿತನ ವಯಸ್ಸಿನದಲ್ಲ, ಹೊಣೆಯದು. ‘ಸಭಾಸೇವಕರು’ ರೋಗಿಗಳ, ಬಡವರ, ಒಂಟಿಯಾದವರ ಆರೈಕೆ ನೋಡಿಕೊಳ್ಳುವವರು. ಈ ಮೂರೂ ಸ್ಥಾನಗಳಿಗೆ ದೀಕ್ಷೆಯುಂಟು.

ಉಗಮ ಮತ್ತು ಬೆಳವಣಿಗೆ

ಈ ಪರಂಪರೆಯ ಬೇರು 16ನೆಯ ಶತಮಾನದ ಜಿನೀವಾದಲ್ಲಿದೆ. ಫ್ರಾನ್ಸಿನಿಂದ ಬಂದ ಜಾನ್ ಕ್ಯಾಲ್ವಿನ್ ಅಲ್ಲಿ ಸಭಾಪಾಲಕರೂ ಹಿರಿಯರೂ ಕೂಡಿ ಕುಳಿತು ನಿರ್ಣಯಿಸುವ ಪದ್ಧತಿಯನ್ನು ರೂಪಿಸಿದನು. ಜಿನೀವಾದಲ್ಲಿ ಕೆಲಕಾಲ ಇದ್ದ ಜಾನ್ ನಾಕ್ಸ್ ಆ ಪದ್ಧತಿಯನ್ನು ಸ್ಕಾಟ್ಲೆಂಡಿಗೆ ಒಯ್ದನು. 1560ರಲ್ಲಿ ಅಲ್ಲಿನ ಸಂಸತ್ತು ‘ಸ್ಕಾಟ್ಸ್ ವಿಶ್ವಾಸ ಪ್ರಮಾಣ’ವನ್ನು ಅಂಗೀಕರಿಸಿತು. ಸ್ಕಾಟಿಷ್ ಮತ್ತು ಐರಿಷ್ ವಲಸಿಗರ ಜೊತೆಗೆ ಪ್ರೆಸ್ಬಿಟೇರಿಯನ್ ಸಭೆ ಅಮೆರಿಕಕ್ಕೆ ಬಂತು. ಫ್ರಾನ್ಸಿಸ್ ಮಕೆಮಿಯ ಮುಂದಾಳತ್ವದಲ್ಲಿ 1706ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಪ್ರೆಸ್ಬಿಟರಿ, ಅಂದರೆ ಒಂದು ಪ್ರದೇಶದ ಸಭೆಗಳ ಮಂಡಳಿ, ಕೂಡಿತು. ಎಲ್ಲಕ್ಕೂ ಮೇಲಿನ ಮಂಡಳಿಯಾದ ಮಹಾಸಭೆ ಮೊದಲು ನಡೆದದ್ದು ಅದೇ ನಗರದಲ್ಲಿ, 1789ರಲ್ಲಿ.

ಗುಲಾಮಗಿರಿ ಮತ್ತು ಅಂತರ್ಯುದ್ಧ ಪಂಗಡವನ್ನು ಒಡೆದವು. 1861ರಲ್ಲಿ ಉತ್ತರ ಮತ್ತು ದಕ್ಷಿಣದ ಚರ್ಚುಗಳು ಬೇರೆಯಾದವು. ಮತ್ತೆ ಒಂದಾಗಲು 122 ವರ್ಷ ಹಿಡಿಯಿತು. 1983ರ ಜೂನ್ 10ರಂದು ಅಟ್ಲಾಂಟಾದಲ್ಲಿ ಎರಡೂ ಕವಲುಗಳು ಕೂಡಿ ಈಗಿನ ಪಂಗಡವಾದವು.

ಪ್ರಗತಿಪರ ಧಾರೆ ಸ್ಪಷ್ಟ ರೂಪ ಪಡೆದದ್ದು 1920ರ ದಶಕದ ವಿವಾದದಲ್ಲಿ. ಸತ್ಯವೇದ ದೋಷರಹಿತ, ಯೇಸು ಕನ್ಯೆಯಲ್ಲಿ ಹುಟ್ಟಿದನು ಎಂಬುವು ಸೇರಿದಂತೆ ಐದು ಅಂಶಗಳು ಅತ್ಯಗತ್ಯವೆಂದು ಉತ್ತರದ ಚರ್ಚಿನ ಮಹಾಸಭೆ 1910ರಲ್ಲಿ ಘೋಷಿಸಿತ್ತು. 1922ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಹ್ಯಾರಿ ಎಮರ್ಸನ್ ಫಾಸ್ಡಿಕ್ ಮೂಲಭೂತವಾದವನ್ನು ಪ್ರಶ್ನಿಸಿ ಪ್ರಸಂಗ ಮಾಡಿದರು. ಅವರು ಬ್ಯಾಪ್ಟಿಸ್ಟ್ ಸಭಾಪಾಲಕರಾಗಿದ್ದು, ಆ ಸಭೆಯಲ್ಲಿ ಪ್ರಸಂಗಕ್ಕೆ ನೇಮಕಗೊಂಡಿದ್ದರು. ಕೊನೆಗೆ ಆ ಪೀಠವನ್ನು ಅವರು ಬಿಡಬೇಕಾಯಿತು. ಆದರೆ 1924ರ ‘ಆಬರ್ನ್ ದೃಢೀಕರಣ’ಕ್ಕೆ 1,200ಕ್ಕೂ ಹೆಚ್ಚು ಸಭಾಪಾಲಕರು ಸಹಿ ಹಾಕಿ, ಐದು ಅಂಶಗಳ ವ್ಯಾಖ್ಯಾನವನ್ನು ಎಲ್ಲರ ಮೇಲೆ ಹೇರುವ ಅಧಿಕಾರ ಮಹಾಸಭೆಗೆ ಇಲ್ಲವೆಂದು ವಾದಿಸಿದರು. 1927ರ ಮಹಾಸಭೆ ಆ ನಿಲುವಿನ ಕಡೆಗೆ ಒಲಿಯಿತು. ಇದನ್ನು ಒಪ್ಪದವರು 1936ರಲ್ಲಿ ಹೊರನಡೆದು ‘ಆರ್ಥಡಾಕ್ಸ್ ಪ್ರೆಸ್ಬಿಟೇರಿಯನ್ ಚರ್ಚ್’ ಎಂದು ಮುಂದೆ ಹೆಸರಾದ ಪಂಗಡವನ್ನು ಕಟ್ಟಿದರು.

ಉತ್ತರದ ಚರ್ಚು ಮಹಿಳೆಯರನ್ನು 1930ರಲ್ಲಿ ಹಿರಿಯರಾಗಿಯೂ 1956ರಲ್ಲಿ ಸಭಾಪಾಲಕರಾಗಿಯೂ ಒಪ್ಪಿಕೊಂಡಿತು. ಮೊದಲ ಸಭಾಪಾಲಕಿ ಮಾರ್ಗರೆಟ್ ಟೌನರ್. ದಕ್ಷಿಣದ ಚರ್ಚಿನಲ್ಲಿ ರೇಚಲ್ ಹೆಂಡರ್‌ಲೈಟ್ 1965ರಲ್ಲಿ ದೀಕ್ಷೆ ಪಡೆದರು. 1974ರಲ್ಲಿ ಕೇಟಿ ಜಿನೀವಾ ಕ್ಯಾನನ್ ಉತ್ತರದ ಚರ್ಚಿನಲ್ಲಿ ಸಭಾಪಾಲಕಿಯಾದ ಮೊದಲ ಕಪ್ಪುವರ್ಣದ ಮಹಿಳೆಯಾದರು.

ಸಲಿಂಗಾಸಕ್ತರ ದೀಕ್ಷೆಯ ಪ್ರಶ್ನೆ ಇನ್ನೂ ದೀರ್ಘವಾಗಿ ಎಳೆಯಿತು. 1978ರಲ್ಲಿ ಉತ್ತರದ ಚರ್ಚು ಇದಕ್ಕೆ ತಡೆ ಹಾಕಿತು. 1997ರಲ್ಲಿ ಆ ತಡೆ ಒಂದಾದ ಪಂಗಡದ ಸಂವಿಧಾನದಲ್ಲಿಯೇ ಸೇರಿತು. 2011ರಲ್ಲಿ ಪ್ರೆಸ್ಬಿಟರಿಗಳ ಬಹುಮತದಿಂದ ಅದು ತೆರವಾಯಿತು. 2014ರಲ್ಲಿ ಡೆಟ್ರಾಯಿಟ್ ಮಹಾಸಭೆ, ಕಾನೂನು ಒಪ್ಪುವ ರಾಜ್ಯಗಳಲ್ಲಿ ಸಲಿಂಗ ವಿವಾಹ ನಡೆಸಿಕೊಡಲು ಸಭಾಪಾಲಕರಿಗೆ ಅನುಮತಿ ನೀಡಿತು. ವಿವಾಹವು ಇಬ್ಬರು ವ್ಯಕ್ತಿಗಳ ನಡುವಿನ ಬಂಧ ಎಂಬ ವಿವರಣೆ 2015ರಲ್ಲಿ ಸಂವಿಧಾನ ಸೇರಿತು. ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನೂ ಹಿರಿಯರ ಮಂಡಳಿಯನ್ನೂ ಇದಕ್ಕೆ ಬಲವಂತ ಮಾಡುವಂತಿಲ್ಲ.

ಆಡಳಿತ ರಚನೆ

ಪಂಗಡದ ಆಡಳಿತಕ್ಕೆ ನಾಲ್ಕು ಹಂತಗಳಿವೆ. ತಳದಲ್ಲಿರುವುದು ‘ಸೆಷನ್’ ಎನ್ನುವ ಹಿರಿಯರ ಮಂಡಳಿ. ಇದರ ಕಲಾಪವನ್ನು ಸಭಾಪಾಲಕರು ನಡೆಸುತ್ತಾರೆ. ಆರಾಧನೆಯ ಹೊತ್ತು, ಪವಿತ್ರ ಭೋಜನದ ದಿನಗಳು, ಆಯವ್ಯಯ, ಹೊಸ ಸದಸ್ಯರ ಸೇರ್ಪಡೆ ಎಲ್ಲವೂ ಈ ಮಂಡಳಿಯ ನಿರ್ಣಯಗಳು. ಹಿರಿಯರ ಅವಧಿ ಗರಿಷ್ಠ 3 ವರ್ಷ. ಸತತವಾಗಿ 6 ವರ್ಷಕ್ಕಿಂತ ಹೆಚ್ಚು ಕಾಲ ಮಂಡಳಿಯಲ್ಲಿ ಇರುವಂತಿಲ್ಲ. ಒಂದು ಪ್ರದೇಶದ ಸಭೆಗಳು ಸೇರಿ ಪ್ರೆಸ್ಬಿಟರಿ, ಪ್ರೆಸ್ಬಿಟರಿಗಳು ಸೇರಿ ಸಿನಡ್. ಎಲ್ಲಕ್ಕೂ ಮೇಲೆ ಎರಡು ವರ್ಷಕ್ಕೊಮ್ಮೆ ಕೂಡುವ ಮಹಾಸಭೆ. ಮಹಾಸಭೆಯಲ್ಲಿ ಹಿರಿಯರೂ ಸಭಾಪಾಲಕರೂ ಸಮಸಂಖ್ಯೆಯಲ್ಲಿ ಮತ ಹಾಕುತ್ತಾರೆ.

ಮಹಾಸಭೆ ಒಪ್ಪಿದ ಮಾತ್ರಕ್ಕೆ ಸಂವಿಧಾನ ಬದಲಾಗದು. ತಿದ್ದುಪಡಿಗೆ ಪ್ರೆಸ್ಬಿಟರಿಗಳ ಬಹುಮತ ಬೇಕು; ವಿಶ್ವಾಸ ಪ್ರಮಾಣಗಳನ್ನು ಬದಲಿಸಲು ಮೂರನೆಯ ಎರಡರಷ್ಟು ಪ್ರೆಸ್ಬಿಟರಿಗಳ ಒಪ್ಪಿಗೆ ಬೇಕು. ದೀಕ್ಷೆ ಮತ್ತು ವಿವಾಹದ ಪ್ರಶ್ನೆಗಳು ದಶಕಗಳ ಕಾಲ ಎಳೆದದ್ದಕ್ಕೆ ಈ ಕ್ರಮವೂ ಒಂದು ಕಾರಣ. ಸಭಾಪಾಲಕರನ್ನು ಮೇಲಿನವರು ನೇಮಿಸುವುದಿಲ್ಲ. ಸಭೆ ತನ್ನದೇ ಶೋಧನಾ ಸಮಿತಿ ರಚಿಸಿ, ಅಭ್ಯರ್ಥಿಯನ್ನು ಆರಿಸಿ, ಮತ ಹಾಕಿ ಕರೆ ನೀಡುತ್ತದೆ. ಪ್ರೆಸ್ಬಿಟರಿ ಅದನ್ನು ಅನುಮೋದಿಸುತ್ತದೆ.

ನಂಬಿಕೆಯ ನೆಲೆ

ಪಂಗಡದ ಸಂವಿಧಾನದ ಮೊದಲ ಭಾಗ ‘ವಿಶ್ವಾಸ ಪ್ರಮಾಣಗಳ ಗ್ರಂಥ’. ಇದರಲ್ಲಿ ಪ್ರಾಚೀನ ನೈಸೀನ್ ಪ್ರಮಾಣದಿಂದ ಹಿಡಿದು 12 ದಾಖಲೆಗಳಿವೆ. ಹಿಟ್ಲರನ ಆಳ್ವಿಕೆಯಲ್ಲಿ ಜರ್ಮನ್ ಕ್ರೈಸ್ತರು 1934ರಲ್ಲಿ ಹೊರಡಿಸಿದ ಬಾರ್ಮೆನ್ ಘೋಷಣೆ ಇದರಲ್ಲಿದೆ. ವರ್ಣಭೇದ, ಯುದ್ಧ ಮತ್ತು ಬಡತನವನ್ನು ನೇರವಾಗಿ ಎದುರಿಸಿದ 1967ರ ಪ್ರಮಾಣವೂ ಇದೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಯ ವಿರುದ್ಧ ಮೂಡಿದ ಬೆಲ್ಹಾರ್ ಪ್ರಮಾಣ 2016ರಲ್ಲಿ ಸೇರ್ಪಡೆಯಾಯಿತು.

ದೇವರ ಕೃಪೆ ಮನುಷ್ಯನ ಅರ್ಹತೆಗಿಂತ ಮುಂಚಿನದು, ಮನಸ್ಸಾಕ್ಷಿಗೆ ದೇವರೊಬ್ಬನೇ ಒಡೆಯ, ಸಭೆ ದೇವರ ವಾಕ್ಯಕ್ಕೆ ತಕ್ಕಂತೆ ಸದಾ ತಿದ್ದಿಕೊಳ್ಳುತ್ತಿರಬೇಕು: ಪ್ರಗತಿಪರ ಸಭೆಗಳು ಹೆಚ್ಚು ಒತ್ತಿ ಹೇಳುವ ತತ್ತ್ವಗಳು ಈ ಮೂರು. ಇವು ಹೊಸ ಕಾಲದ ಸೇರ್ಪಡೆಗಳಲ್ಲ, ಜಿನೀವಾದಿಂದ ಬಂದ ಸುಧಾರಿತ ಪರಂಪರೆಯ ಹಳೆಯ ಮಾತುಗಳೇ. ಎರಡನೆಯದು 17ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದಲ್ಲಿದೆ. ಹೊಸಬರ ಮುಂದೆ ಪ್ರಶ್ನೆಗೂ ಸಂಶಯಕ್ಕೂ ಎಡೆಯಿದೆ ಎಂದು ಈ ಸಭೆಗಳು ಹೇಳುವುದು ಇದೇ ನೆಲೆಯಿಂದ.

ಆರಾಧನೆಗೆ ಬರುವಾಗ

ಮುಖ್ಯ ಆರಾಧನೆ ಭಾನುವಾರ ಬೆಳಿಗ್ಗೆ, ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಕಾಲ ನಡೆಯುತ್ತದೆ. ಹೊರಗಿನ ಫಲಕದ ಮೇಲೆ ಶಿಲುಬೆ, ಪಾರಿವಾಳ, ತೆರೆದ ಪುಸ್ತಕ ಮತ್ತು ಜ್ವಾಲೆಗಳನ್ನು ಹೆಣೆದ, 1985ರಲ್ಲಿ ಅಂಗೀಕರಿಸಿದ ಮುದ್ರೆ ಇರುತ್ತದೆ. ಅನೇಕ ಪ್ರಗತಿಪರ ಸಭೆಗಳಲ್ಲಿ ಕಾಮನಬಿಲ್ಲಿನ ಬಣ್ಣದ ಬಾವುಟವೂ ಕಾಣುತ್ತದೆ. ಉಡುಪಿಗೆ ನಿಯಮವಿಲ್ಲ, ಸೂಟು ತೊಟ್ಟವರ ಪಕ್ಕದಲ್ಲೇ ಜೀನ್ಸ್ ತೊಟ್ಟವರು ಕುಳಿತಿರುತ್ತಾರೆ. ಚಪ್ಪಲಿ ಕಳಚುವ, ತಲೆ ಮುಚ್ಚುವ ಪದ್ಧತಿ ಇಲ್ಲ. ಗಂಡಸರು, ಹೆಂಗಸರು ಬೇರೆ ಬೇರೆ ಕೂರುವುದಿಲ್ಲ.

ಬಾಗಿಲಲ್ಲಿ ಸ್ವಾಗತಿಸುವವರು ಸಭೆಯ ಸದಸ್ಯರೇ. ಅವರು ಕೈಗೆ ಕೊಡುವ ಮುದ್ರಿತ ಕ್ರಮಪತ್ರಿಕೆ ಹೊಸಬರಿಗೆ ಮುಖ್ಯ ಆಸರೆ: ಯಾವಾಗ ನಿಲ್ಲಬೇಕು, ಯಾವ ಸಾಲನ್ನು ಎಲ್ಲರೂ ಕೂಡಿ ಹೇಳಬೇಕು, ಯಾವ ಗೀತೆ ಎಂಬುದೆಲ್ಲ ಅದರಲ್ಲಿರುತ್ತದೆ. ಸಭೆ ಕೂಡಿ ಹೇಳುವ ಮಾತುಗಳು ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿರುತ್ತವೆ. ನಿಲ್ಲುವ ಸೂಚನೆಯ ಜೊತೆಗೆ, ಶಕ್ತರಾದವರು ಮಾತ್ರ ನಿಂತರೆ ಸಾಕೆಂಬ ಮಾತೂ ಇರುತ್ತದೆ. ಮೊಣಕಾಲೂರುವ ರೂಢಿ ಅಪರೂಪ. ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಕೋಣೆ ಹಲವು ಕಡೆ ಉಂಟು. ಮಕ್ಕಳು ಹೆತ್ತವರೊಡನೆ ಆರಾಧನೆಯಲ್ಲಿ ಕೂರುವುದೂ ಸಹಜ.

ಒಳಗೆ ಮೂರು ವಸ್ತುಗಳು ಕಣ್ಣಿಗೆ ಬೀಳುತ್ತವೆ: ವಾಕ್ಯ ಓದುವ ಪೀಠ, ಪವಿತ್ರ ಭೋಜನದ ಮೇಜು, ದೀಕ್ಷಾಸ್ನಾನದ ನೀರಿನ ಬಟ್ಟಲು. ಸಂತರ ವಿಗ್ರಹಗಳಾಗಲಿ ಬಲಿಪೀಠವಾಗಲಿ ಇರುವುದಿಲ್ಲ. ಮೇಜಿನ ಮೇಲಿನ ಬಟ್ಟೆ, ಸಭಾಪಾಲಕರ ಹೆಗಲ ಪಟ್ಟಿ ಋತುವಿಗೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಕ್ರಿಸ್ಮಸ್ ಮತ್ತು ಈಸ್ಟರಿಗೆ ಬಿಳಿ, ಲೆಂಟ್ ಕಾಲಕ್ಕೆ ನೇರಳೆ, ಪಂಚಾಶತ್ತಮಕ್ಕೆ ಕೆಂಪು, ಉಳಿದ ದೀರ್ಘ ಅವಧಿಗೆ ಹಸಿರು. ಸಭಾಪಾಲಕರು ಕಪ್ಪು ಜಿನೀವಾ ನಿಲುವಂಗಿ ಧರಿಸುವುದು ಹಳೆಯ ರೂಢಿ. ಅದು ವಿದ್ವಾಂಸರ ಉಡುಪಿನಿಂದ ಬಂದದ್ದು. ಈಚೆಗೆ ಬಿಳಿ ನಿಲುವಂಗಿ ತೊಡುವವರೂ ನಿತ್ಯದ ಉಡುಪಿನಲ್ಲೇ ನಿಲ್ಲುವವರೂ ಇದ್ದಾರೆ.

ಆರಾಧನೆಯ ಕ್ರಮ

ಆರಾಧನೆಗೆ ನಾಲ್ಕು ಘಟ್ಟಗಳಿವೆ: ಕೂಡುವುದು, ವಾಕ್ಯ, ಮೇಜು (ಪವಿತ್ರ ಭೋಜನ), ಕಳುಹಿಸುವುದು.

ಕೂಡುವ ಘಟ್ಟದಲ್ಲಿ ಆರಾಧನೆಗೆ ಕರೆ, ಗೀತೆ ಮತ್ತು ಎಲ್ಲರೂ ಒಟ್ಟಾಗಿ ಹೇಳುವ ಪಾಪದ ಅರಿಕೆ ಬರುತ್ತವೆ. ಪಾದ್ರಿಯ ಬಳಿ ಒಬ್ಬೊಬ್ಬರೇ ಹೋಗಿ ಅರಿಕೆ ಮಾಡುವ ಪದ್ಧತಿ ಇಲ್ಲ. ಪ್ರಗತಿಪರ ಸಭೆಗಳ ಅರಿಕೆಯಲ್ಲಿ ವೈಯಕ್ತಿಕ ತಪ್ಪಿನ ಜೊತೆಗೆ ಜನಾಂಗೀಯ ತಾರತಮ್ಯ, ನಿಸರ್ಗದ ನಾಶದಂಥ ಸಾಮೂಹಿಕ ತಪ್ಪುಗಳೂ ಸೇರುತ್ತವೆ. ಬೆನ್ನಲ್ಲೇ ಕ್ಷಮೆಯ ಘೋಷಣೆ, ಬಳಿಕ ಅಕ್ಕಪಕ್ಕದವರಿಗೆ ಕೈಕುಲುಕಿ ಸಮಾಧಾನ ಹಾರೈಸುವ ಕ್ರಮ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದವರು ತಲೆಬಾಗಿದರೂ ಸಾಕು.

ವಾಕ್ಯದ ಘಟ್ಟ ಆರಾಧನೆಯ ನಡುಗಂಬ. ಅನೇಕ ಸಭೆಗಳು ಮೂರು ವರ್ಷದ ಆವರ್ತನೆಯ ಸಾಮಾನ್ಯ ಪಾಠಪಟ್ಟಿಯನ್ನು ಅನುಸರಿಸುತ್ತವೆ. ಹಾಗಾಗಿ ಒಂದೇ ಭಾನುವಾರ ಬೇರೆ ಬೇರೆ ಪಂಗಡಗಳಲ್ಲಿ ಒಂದೇ ಭಾಗ ಓದುವುದುಂಟು. ಪಾಠವನ್ನು ಸಾಮಾನ್ಯ ಸದಸ್ಯರು ಓದುತ್ತಾರೆ. ಪ್ರಸಂಗ ಹೆಚ್ಚಾಗಿ 15ರಿಂದ 20 ನಿಮಿಷ. ಓದಿದ ಭಾಗ ಯಾವ ಕಾಲದಲ್ಲಿ, ಯಾರಿಗಾಗಿ ಬರೆದದ್ದು ಎಂದು ವಿವರಿಸಿ, ಇಂದಿನ ಬದುಕಿಗೆ ಅದರ ಅರ್ಥ ಹುಡುಕುವುದು ಅದರ ಬಗೆ. ಸೃಷ್ಟಿಯ ಕಥೆಯನ್ನು ವಿಜ್ಞಾನದ ವರದಿಯಂತೆ ಓದುವುದಿಲ್ಲ. ಜೀವವಿಕಾಸ ಸಿದ್ಧಾಂತಕ್ಕೂ ನಂಬಿಕೆಗೂ ಜಗಳ ಹಚ್ಚುವುದಿಲ್ಲ. ದೇವರನ್ನು ‘ತಂದೆ’ ಎಂದಷ್ಟೇ ಕರೆಯದೆ ತಾಯಿ, ಬಂಡೆ, ಉಸಿರು ಮುಂತಾದ ಸತ್ಯವೇದದ ರೂಪಕಗಳನ್ನೂ ಬಳಸುತ್ತಾರೆ.

ಹಾಡಿಗೆ ಆರ್ಗನ್ ಅಥವಾ ಪಿಯಾನೊ ಜೊತೆಯಾಗುತ್ತದೆ, ಕೆಲವೆಡೆ ಗಿಟಾರ್ ಮತ್ತು ಡ್ರಮ್. 2013ರಲ್ಲಿ ಬಂದ ‘ಗ್ಲೋರಿ ಟು ಗಾಡ್’ ಗೀತಸಂಪುಟ ವ್ಯಾಪಕ ಬಳಕೆಯಲ್ಲಿದೆ. ಕರ್ತನ ಪ್ರಾರ್ಥನೆಯಲ್ಲಿ ಹೊಸಬರು ಒಂದು ಪದದ ಬಳಿ ಎಡವುವುದುಂಟು. ಕ್ಷಮೆ ಬೇಡುವ ಸಾಲಿನಲ್ಲಿ ಪ್ರೆಸ್ಬಿಟೇರಿಯನ್ನರು ‘ಸಾಲಗಳು’ ಎಂಬ ಅರ್ಥದ ಇಂಗ್ಲಿಷ್ ಪದ ಬಳಸುತ್ತಾರೆ; ಕ್ಯಾಥೊಲಿಕರು ಮತ್ತು ಮೆಥಡಿಸ್ಟರು ‘ಅತಿಕ್ರಮ’ ಎಂಬ ಅರ್ಥದ್ದನ್ನು.

ಕಾಣಿಕೆಯ ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತದೆ. ಕಾಣಿಕೆ ಕೊಡುವುದು ಸಭೆಯ ಸದಸ್ಯರ ಹೊಣೆ. ಅತಿಥಿಗಳು ಏನನ್ನೂ ಹಾಕದೆ ಮುಂದಕ್ಕೆ ದಾಟಿಸಬಹುದು. ಹಾಗೆಯೇ ಹೆಸರು, ವಿಳಾಸ ಬರೆಯುವ ಪುಸ್ತಿಕೆಯೂ ಬರುವುದುಂಟು. ಬರೆಯುವುದು ಅವರವರ ಇಷ್ಟ. ಕೊನೆಯದು ಆಶೀರ್ವಾದ. ಆರಾಧನೆ ಮುಗಿಯಿತು ಎಂಬುದಕ್ಕಿಂತ ಸೇವೆಗೆ ಕಳುಹಿಸಲಾಗುತ್ತಿದೆ ಎಂಬುದು ಅದರ ಅರ್ಥ.

ಪವಿತ್ರ ಭೋಜನ ಮತ್ತು ದೀಕ್ಷಾಸ್ನಾನ

ಪ್ರೆಸ್ಬಿಟೇರಿಯನ್ನರು ಒಪ್ಪುವ ಸಂಸ್ಕಾರಗಳು ಎರಡೇ. ಪವಿತ್ರ ಭೋಜನ ಅನೇಕ ಸಭೆಗಳಲ್ಲಿ ತಿಂಗಳಿಗೊಮ್ಮೆ, ಕೆಲವು ಸಭೆಗಳಲ್ಲಿ ಪ್ರತಿ ಭಾನುವಾರ ನಡೆಯುತ್ತದೆ. ರೊಟ್ಟಿಯ ಜೊತೆಗೆ ದ್ರಾಕ್ಷಾರಸ ಕೊಡುತ್ತಾರೆ. ಅದು ಹೆಚ್ಚಾಗಿ ಮದ್ಯವಲ್ಲದ ದ್ರಾಕ್ಷಿಹಣ್ಣಿನ ರಸ. ಮುಂದೆ ಹೋಗಿ ರೊಟ್ಟಿಯ ತುಂಡನ್ನು ಬಟ್ಟಲಲ್ಲಿ ಅದ್ದಿ ತಿನ್ನುವುದು ಒಂದು ರೀತಿ. ಕೂತಲ್ಲಿಗೇ ಹಿರಿಯರು ತಟ್ಟೆ ಮತ್ತು ಪುಟ್ಟ ಲೋಟಗಳನ್ನು ತಂದುಕೊಡುವುದು ಇನ್ನೊಂದು. ಮೇಜಿಗೆ ಬಂದ ಎಲ್ಲರಿಗೂ, ಮಕ್ಕಳಿಗೂ, ರೊಟ್ಟಿ ಮತ್ತು ಬಟ್ಟಲನ್ನು ನೀಡಬೇಕೆಂದು ಪಂಗಡದ ಈಗಿನ ಆರಾಧನಾ ನಿರ್ದೇಶಿಕೆ ಹೇಳುತ್ತದೆ. ದೀಕ್ಷಾಸ್ನಾನವಾಗದೆ ಬಂದವರನ್ನು ಮುಂದೆ ಅದರತ್ತ ಆಹ್ವಾನಿಸುತ್ತದೆ. ತೆಗೆದುಕೊಳ್ಳದೆ ಕೂತಿರುವುದೂ ತಪ್ಪಲ್ಲ. ಅಕ್ಟೋಬರಿನ ಮೊದಲ ಭಾನುವಾರ ಹಲವು ಪಂಗಡಗಳು ಆಚರಿಸುವ ‘ವಿಶ್ವ ಪವಿತ್ರ ಭೋಜನ ಭಾನುವಾರ’ 1933ರಲ್ಲಿ ಆರಂಭವಾದದ್ದು ಪಿಟ್ಸ್‌ಬರ್ಗಿನ ಶೇಡಿಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ.

ದೀಕ್ಷಾಸ್ನಾನವನ್ನು ಶಿಶುಗಳಿಗೂ ದೊಡ್ಡವರಿಗೂ ಕೊಡುತ್ತಾರೆ. ತಲೆಯ ಮೇಲೆ ನೀರು ಹಾಕುವುದೇ ರೂಢಿ. ಹೆತ್ತವರಷ್ಟೇ ಅಲ್ಲ, ಮಗುವಿನ ನಂಬಿಕೆಯನ್ನು ಪೋಷಿಸುತ್ತೇವೆಂದು ಇಡೀ ಸಭೆ ಮಾತು ಕೊಡುತ್ತದೆ.

ಆರಾಧನೆಯ ಬಳಿಕ

ಆರಾಧನೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ, ತಿಂಡಿಯ ಹೊತ್ತು. ಹೊಸಬರಿಗೆ ಸಭೆಯ ನಿಜವಾದ ಪರಿಚಯ ಆಗುವುದು ಇಲ್ಲಿ. ಮುಂದೆ ಬರಲೇಬೇಕೆಂಬ ಒತ್ತಾಯ ಇರದು. ತಿಂಗಳುಗಳ ಕಾಲ ಬಂದು ಹೋಗುವವರೂ ಸದಸ್ಯರಾಗದೆ ವರ್ಷಗಟ್ಟಲೆ ಪಾಲ್ಗೊಳ್ಳುವವರೂ ಇದ್ದಾರೆ.

ಸದಸ್ಯರಾಗಬಯಸುವವರಿಗೆ ಮೂರು ದಾರಿಗಳಿವೆ: ಮೊದಲ ಬಾರಿ ವಿಶ್ವಾಸ ಪ್ರಕಟಿಸುವುದು, ಹಿಂದೆ ಪ್ರಕಟಿಸಿದ್ದನ್ನು ಪುನಃ ದೃಢಪಡಿಸುವುದು, ಬೇರೆ ಸಭೆಯಿಂದ ವರ್ಗಾವಣೆ ಪತ್ರ ತರುವುದು. ಯೇಸು ಕ್ರಿಸ್ತನಲ್ಲಿ ವಿಶ್ವಾಸ ಪ್ರಕಟಿಸುವುದೇ ಮುಖ್ಯ ಷರತ್ತು. ಅದಕ್ಕೆ ಸಂಬಂಧಿಸದ ಯಾವ ಕಾರಣಕ್ಕೂ ಸದಸ್ಯತ್ವ ನಿರಾಕರಿಸುವಂತಿಲ್ಲ. ಹಿರಿಯರು ಮತ್ತು ಸಭಾಪಾಲಕರ ದೀಕ್ಷೆಗೆ ನಿಯಮಗಳು ಇದಕ್ಕಿಂತ ಬಿಗಿ.

ಸಭೆಗಳ ಬಗೆಗಳು

ದೊಡ್ಡ ನಗರಗಳ ನಡುವೆ ನಿಂತ ಹಳೆಯ ಸಭೆಗಳು ಒಂದು ಬಗೆ. ಷಿಕಾಗೊದ ಮಿಷಿಗನ್ ಅವೆನ್ಯೂದಲ್ಲಿರುವ ಫೋರ್ತ್ ಪ್ರೆಸ್ಬಿಟೇರಿಯನ್ ಚರ್ಚಿನ ಗಾಥಿಕ್ ಶೈಲಿಯ ಕಟ್ಟಡ 1914ರದು. ವಾಸ್ತುಶಿಲ್ಪಿ ರಾಲ್ಫ್ ಆಡಮ್ಸ್ ಕ್ರ್ಯಾಮ್. ವಾಷಿಂಗ್ಟನ್ನಿನ ನ್ಯೂಯಾರ್ಕ್ ಅವೆನ್ಯೂ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿದ್ದಾಗ ಆರಾಧನೆಗೆ ಬರುತ್ತಿದ್ದರು. ವಿಶ್ವವಿದ್ಯಾಲಯಗಳ ಆಸುಪಾಸಿನ ಸಭೆಗಳು, ಕಪ್ಪುವರ್ಣೀಯರ ಸಭೆಗಳು, ಸ್ಪ್ಯಾನಿಷ್ ಮತ್ತು ಕೊರಿಯನ್ ಭಾಷೆಯ ಸಭೆಗಳು, ನೂರರೊಳಗಿನ ಸದಸ್ಯರ ಹಳ್ಳಿಯ ಸಭೆಗಳು ಇತರ ಬಗೆಗಳು. ಎಲ್ಲರನ್ನೂ ಒಳಗೊಳ್ಳುವ ನಿಲುವನ್ನು ಬಹಿರಂಗವಾಗಿ ಸಾರುವ ಸಭೆಗಳು ‘ಮೋರ್ ಲೈಟ್ ಪ್ರೆಸ್ಬಿಟೇರಿಯನ್ಸ್’ ಎಂಬ ಜಾಲಕ್ಕೆ ಸೇರುತ್ತವೆ. 1997ರಲ್ಲಿ ಹುಟ್ಟಿದ ‘ಕವನೆಂಟ್ ನೆಟ್‌ವರ್ಕ್’ ಇನ್ನೊಂದು ಜಾಲ.

ಹೆಸರಿನಲ್ಲಿ ‘ಪ್ರೆಸ್ಬಿಟೇರಿಯನ್’ ಇದ್ದ ಮಾತ್ರಕ್ಕೆ ಸಭೆ ಪ್ರಗತಿಪರವೆಂದು ತಿಳಿಯುವಂತಿಲ್ಲ. 1973ರಲ್ಲಿ ಸ್ಥಾಪನೆಯಾದ ‘ಪ್ರೆಸ್ಬಿಟೇರಿಯನ್ ಚರ್ಚ್ ಇನ್ ಅಮೆರಿಕ’ ಮಹಿಳೆಯರಿಗೆ ಹಿರಿಯರ ಅಥವಾ ಸಭಾಪಾಲಕರ ದೀಕ್ಷೆ ಕೊಡುವುದಿಲ್ಲ. 2012ರಲ್ಲಿ ರೂಪುಗೊಂಡ ‘ಇಕೊ’ ಪಂಗಡ ಮಹಿಳೆಯರಿಗೆ ದೀಕ್ಷೆ ಕೊಡುತ್ತದೆ, ಸಲಿಂಗ ವಿವಾಹವನ್ನು ಒಪ್ಪುವುದಿಲ್ಲ.

ಸಾಮಾಜಿಕ ಕಾರ್ಯ

ನ್ಯಾಯಕ್ಕಾಗಿ ಬೀದಿಗಿಳಿಯುವುದು ಈ ಧಾರೆಯಲ್ಲಿ ಆರಾಧನೆಯ ಮುಂದುವರಿಕೆ. ಉತ್ತರದ ಚರ್ಚಿನ ಅಂದಿನ ಉನ್ನತ ಅಧಿಕಾರಿ ಯೂಜೀನ್ ಕಾರ್ಸನ್ ಬ್ಲೇಕ್ 1963ರ ಜುಲೈ 4ರಂದು ವರ್ಣಭೇದ ಪಾಲಿಸುತ್ತಿದ್ದ ಬಾಲ್ಟಿಮೋರ್ ಬಳಿಯ ಮನರಂಜನಾ ಉದ್ಯಾನದ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ಮರುತಿಂಗಳು ಅವರು ನಾಗರಿಕ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮಾತನಾಡಿದರು. ಅರಿಜೋನಾದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚ್ 1982ರ ಮಾರ್ಚ್ 24ರಂದು ಮಧ್ಯ ಅಮೆರಿಕದ ನಿರಾಶ್ರಿತರಿಗೆ ತಾನು ಆಶ್ರಯಧಾಮವೆಂದು ಸಾರ್ವಜನಿಕವಾಗಿ ಘೋಷಿಸಿತು. ನಿರಾಶ್ರಿತರಿಗೆ ನೆರವಾದದ್ದಕ್ಕಾಗಿ ಅದರ ಸಭಾಪಾಲಕ ಜಾನ್ ಫೈಫ್ ಅವರಿಗೆ 1986ರಲ್ಲಿ ನ್ಯಾಯಾಲಯ ಐದು ವರ್ಷದ ಪರೀಕ್ಷಾವಧಿಯ ಶಿಕ್ಷೆ ವಿಧಿಸಿತು. 1992ರಲ್ಲಿ ಪಂಗಡ ಅವರನ್ನೇ ಮಹಾಸಭೆಯ ಅಧ್ಯಕ್ಷರನ್ನಾಗಿ ಆರಿಸಿತು.

ಹಸಿದವರಿಗೆ ಊಟ, ದಿನಸಿ ಹಂಚಿಕೆ, ನಿರಾಶ್ರಿತ ಕುಟುಂಬಗಳ ಪಾಲನೆ, ಚಾವಣಿಯಲ್ಲಿ ಸೌರಫಲಕದ ಅಳವಡಿಕೆಯಂಥ ಕೆಲಸಗಳು ಅನೇಕ ಸಭೆಗಳಲ್ಲಿ ನಡೆಯುತ್ತವೆ. ಹೊಸಬರು ಸದಸ್ಯರಾಗುವ ಮುನ್ನವೇ ಇವುಗಳಲ್ಲಿ ಕೈಜೋಡಿಸಬಹುದು.

ಭಾರತದ ನಂಟು

ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಮಿರಜದ ಆಸ್ಪತ್ರೆ ಗಡಿಯಾಚೆಯ ಬೆಳಗಾವಿ, ವಿಜಯಪುರ ಕಡೆಯ ಜನರಿಗೂ ಪರಿಚಿತ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್ ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರಿಗಾಗಿ 1866ರಲ್ಲಿ ತೆರೆದದ್ದು. ಈಗ ಅದು ದಕ್ಷಿಣ ಭಾರತ ಸಭೆಗೆ ಸೇರಿದೆ. 1947ರಲ್ಲಿ ಆಂಗ್ಲಿಕನ್ ಮತ್ತು ಮೆಥಡಿಸ್ಟರ ಜೊತೆ ಪ್ರೆಸ್ಬಿಟೇರಿಯನ್ ಮೂಲದ ಸಭೆಗಳೂ ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಆದರೆ ಅದು ಬಿಷಪ್ಪರನ್ನು ಉಳಿಸಿಕೊಂಡಿತು. ಈ ಸಭೆಯ ಹಿನ್ನೆಲೆಯ ಕನ್ನಡಿಗರು ಅಮೆರಿಕದ ಪ್ರೆಸ್ಬಿಟೇರಿಯನ್ ಆರಾಧನೆಗೆ ಹೋದರೆ ಅರಿಕೆ, ಪಾಠ, ಪ್ರಸಂಗ, ಆಶೀರ್ವಾದಗಳ ಕ್ರಮ ಪರಿಚಿತವಾಗಿಯೇ ಕಾಣುತ್ತದೆ. ಬಿಷಪ್ ಇಲ್ಲದಿರುವುದು ಎದ್ದುಕಾಣುವ ವ್ಯತ್ಯಾಸ.

ಇಂದಿನ ಸ್ಥಿತಿ

1983ರಲ್ಲಿ ಸುಮಾರು 31 ಲಕ್ಷ ಇದ್ದ ಪಂಗಡದ ಸದಸ್ಯರ ಸಂಖ್ಯೆ 2023ರ ಹೊತ್ತಿಗೆ 11 ಲಕ್ಷಕ್ಕಿಂತ ಕೆಳಗಿಳಿಯಿತು. ಸದಸ್ಯರ ವಯಸ್ಸು ಏರಿರುವುದು, ಮಕ್ಕಳ ತಲೆಮಾರು ಚರ್ಚುಗಳಿಂದಲೇ ದೂರವಾಗಿರುವುದು, 2011ರ ನಂತರ ಸಂಪ್ರದಾಯನಿಷ್ಠ ಸಭೆಗಳು ಹೊರನಡೆದದ್ದು ಇದಕ್ಕೆ ಕಾರಣಗಳು. ಅನೇಕ ಸಭೆಗಳಿಗೆ ಪೂರ್ಣಾವಧಿ ಸಭಾಪಾಲಕರಿಲ್ಲ. ದೊಡ್ಡ ಕಟ್ಟಡಗಳ ಕೋಣೆಗಳು ಶಿಶುವಿಹಾರಗಳಿಗೆ, ವಲಸಿಗರ ಸಭೆಗಳಿಗೆ, ವ್ಯಸನಮುಕ್ತಿ ಗುಂಪುಗಳಿಗೆ ತೆರೆದಿವೆ.

2020ರ ಸಾಂಕ್ರಾಮಿಕದ ಬಳಿಕ ಆರಾಧನೆಯ ನೇರಪ್ರಸಾರ ಸಾಮಾನ್ಯವಾಯಿತು. ಬಾಗಿಲಿಗೆ ಬರುವ ಮುಂಚೆ ಕೆಲವು ವಾರ ಮನೆಯಿಂದಲೇ ಆರಾಧನೆ ನೋಡುವ ಹೊಸಬರು ಈಗ ಸಾಕಷ್ಟಿದ್ದಾರೆ. 2024ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕೂಡಿದ ಮಹಾಸಭೆ, ತಾರತಮ್ಯ ನಿಷೇಧದ ಪಟ್ಟಿಗೆ ಲೈಂಗಿಕ ಒಲವು ಮತ್ತು ಲಿಂಗತ್ವ ಗುರುತನ್ನು ಸೇರಿಸುವ ತಿದ್ದುಪಡಿಯನ್ನು ಒಪ್ಪಿ ಪ್ರೆಸ್ಬಿಟರಿಗಳ ಮತಕ್ಕೆ ಕಳುಹಿಸಿತು. ಅದೇ ಮಹಾಸಭೆ ಕೊರಿಯನ್ ಮೂಲದ ಜಿಹ್ಯುನ್ ಓ ಅವರನ್ನು ಪಂಗಡದ ಮುಖ್ಯ ಕಾರ್ಯದರ್ಶಿ ಸ್ಥಾನಕ್ಕೆ ಆರಿಸಿತು.